ಪ್ಲಾನಿಂಗ್ ಕಮಿಷನ್‌ನಲ್ಲಿ ಕೂತಿದೀನಿ, ಮನೆ-ಜಮೀನಿನ ವಿಷಯದಲ್ಲಿ ಕಪ್ಪು ಜನರಿಗಾದ ಅನ್ಯಾಯ ಸರಿಮಾಡೋಕೆ ಈ ಕುರ್ಚಿಯಿಂದ ನಿಜವಾಗ್ಲೂ ಏನು ಮಾಡಬಹುದು?

ಪುಟ್ಟಸರೋವರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ನಾನು ಮೈಸೂರಿನವಳು, ಹದಿನಾಲ್ಕು ವರ್ಷದಿಂದ ಮಿನಿಯಾಪೊಲಿಸ್ ಪಕ್ಕದ ಸಬರ್ಬ್ ಒಂದ್ರಲ್ಲಿ ಇದೀವಿ, ಹೆನೆಪಿನ್ ಕೌಂಟಿ. ಹೋದ ವರ್ಷ ನಮ್ಮೂರ ಪ್ಲಾನಿಂಗ್ ಕಮಿಷನ್‌ಗೆ ಜನ ಬೇಕು ಅಂತ ನೋಟಿಸ್ ಬಂತು, ಅರ್ಜಿ ಹಾಕಿದೆ, ತಗೊಂಡ್ರು. ಸಂಬಳ ಏನಿಲ್ಲ, ತಿಂಗಳಿಗೆ ಎರಡು ಸಂಜೆ ಕೂತು ಯಾರು ಎಲ್ಲಿ ಏನು ಕಟ್ಟಬಹುದು ಅಂತ ನೋಡಿ ಕೌನ್ಸಿಲ್‌ಗೆ ಶಿಫಾರಸು ಮಾಡೋದು. ಮೊದಲ ಆರು ತಿಂಗಳು ಬರೀ ಡೆಕ್ಕು, ಫೆನ್ಸು, ಗ್ಯಾರೇಜು.

ಈಗ ಎರಡು ವಿಷಯ ಒಟ್ಟಿಗೆ ಬಂದು ನಿದ್ದೆ ಕೆಡಿಸಿವೆ.

ಒಂದು ನಮ್ಮ ಮನೆ ಕಾಗದ. 1941ರಲ್ಲಿ ಕಟ್ಟಿದ ಮನೆ. ಹಳೇ ಡೀಡ್ ತೆಗೆಸಿ ನೋಡಿದ್ರೆ ಅದ್ರಲ್ಲಿ ಒಂದು ಷರತ್ತು ಟೈಪ್ ಮಾಡಿದಾರೆ, ಈ ಜಾಗವನ್ನ ಕಾಕೇಶಿಯನ್ ಜನಾಂಗದವರನ್ನ ಬಿಟ್ಟು ಬೇರೆ ಯಾರಿಗೂ ಮಾರೋ ಹಾಗಿಲ್ಲ, ಬಾಡಿಗೆಗೂ ಕೊಡೋ ಹಾಗಿಲ್ಲ, ಮನೆಕೆಲಸದವರಾಗಿ ಇದ್ರೆ ಮಾತ್ರ ಅಡ್ಡಿ ಇಲ್ಲ ಅಂತ. ಅಂದ್ರೆ ಆ ಕಾಗದದ ಪ್ರಕಾರ ನಾನು ನನ್ನ ಅಡುಗೆಮನೇಲಿ ಪಾತ್ರೆ ತೊಳೀಬಹುದು, ಮನೆ ಯಜಮಾನಿ ಆಗೋಕಾಗಲ್ಲ. ಅಂಗೈ ತಣ್ಣಗಾಯ್ತು ಅದನ್ನ ಓದಿ. ಆಮೇಲೆ ಗೊತ್ತಾಯ್ತು ಇದು ನಮ್ಮ ಮನೆಯ ಕಥೆ ಒಂದೇ ಅಲ್ಲ. ಮಿನೆಸೋಟ ಯೂನಿವರ್ಸಿಟಿಯ ಮ್ಯಾಪಿಂಗ್ ಪ್ರೆಜುಡಿಸ್ ಅನ್ನೋ ತಂಡ 2016ರಿಂದ ವಾಲಂಟಿಯರ್‌ಗಳನ್ನ ಕೂರಿಸಿ ಹಳೇ ಡೀಡ್‌ಗಳನ್ನ ಒಂದೊಂದಾಗಿ ಓದಿಸ್ತಿದಾರೆ, ಮಿನಿಯಾಪೊಲಿಸ್ ಸಿಟಿ ಒಂದ್ರಲ್ಲೇ ಇಂಥವು 8,000ಕ್ಕೂ ಜಾಸ್ತಿ ಸಿಕ್ಕಿವೆ. ಅಲ್ಲಿ ಮೊದಲನೇದು 1910ರದ್ದು, ಅದ್ರಲ್ಲಿ ಚೀನಿಯರು, ಜಪಾನಿಯರು, ಟರ್ಕಿಯವರು, ಆಫ್ರಿಕನ್ ಮೂಲದವರು ಅಂತ ಪಟ್ಟಿನೇ ಮಾಡಿದಾರೆ. 1948ರಲ್ಲಿ ಸುಪ್ರೀಂ ಕೋರ್ಟ್ ಇಂಥ ಷರತ್ತುಗಳನ್ನ ಕೋರ್ಟುಗಳು ಜಾರಿ ಮಾಡೋ ಹಾಗಿಲ್ಲ ಅಂತು, 1953ರಲ್ಲಿ ನಮ್ಮ ರಾಜ್ಯ ಹೊಸದಾಗಿ ಬರೆಯೋದನ್ನ ನಿಲ್ಲಿಸ್ತು, 1968ರಲ್ಲಿ ಮನೆ ಮಾರೋದ್ರಲ್ಲಿ, ಬಾಡಿಗೆ ಕೊಡೋದ್ರಲ್ಲಿ ತಾರತಮ್ಯ ಮಾಡಬಾರದು ಅನ್ನೋ ಫೇರ್ ಹೌಸಿಂಗ್ ಆ್ಯಕ್ಟ್ ಬಂತು. ಆದ್ರೆ ಅಷ್ಟೊತ್ತಿಗೆ ಯಾರು ಎಲ್ಲಿ ಇರಬೇಕು ಅನ್ನೋದು ಊರಿನ ನಕ್ಷೆ ಮೇಲೆ ಕೂತುಬಿಟ್ಟಿತ್ತು. ಇವತ್ತಿಗೂ ಮಿನೆಸೋಟದಲ್ಲಿ ಬಿಳಿಯರ ಕುಟುಂಬಗಳಲ್ಲಿ ನಾಲ್ಕಕ್ಕೆ ಮೂರು ಸ್ವಂತ ಮನೇಲಿವೆ, ಕಪ್ಪು ಕುಟುಂಬಗಳಲ್ಲಿ ಮೂರಕ್ಕೆ ಒಂದೂ ಇಲ್ಲ.

ಎರಡನೇದು, ನಮ್ಮೂರ ಒಂದು ಚರ್ಚ್‌ನವರು ತಮ್ಮ ಪಾರ್ಕಿಂಗ್ ಜಾಗದಲ್ಲಿ ಅರ್ಧವನ್ನ ಕೊಟ್ಟು 42 ಮನೆಗಳ ಒಂದು ಅಪಾರ್ಟ್‌ಮೆಂಟ್ ಕಟ್ಟಿಸೋಕೆ ಮುಂದೆ ಬಂದಿದಾರೆ, ಆದಾಯ ಕಡಿಮೆ ಇರೋರಿಗೆ, ಬಾಡಿಗೆಗೆ. ಅದಕ್ಕೆ ಝೋನಿಂಗ್, ಅಂದ್ರೆ ಎಲ್ಲಿ ಏನು ಕಟ್ಟಬಹುದು ಅನ್ನೋ ನಿಯಮ, ಬದಲಾಯಿಸ್ಬೇಕು, ಯಾಕಂದ್ರೆ ಆ ಸುತ್ತಮುತ್ತ ಒಂದು ಪ್ಲಾಟಿಗೆ ಒಂದೇ ಮನೆ ಅನ್ನೋ ರೂಲ್. ಜನರ ಅಭಿಪ್ರಾಯ ಕೇಳೋ ಮೊದಲ ಹಿಯರಿಂಗ್‌ಗೆ ತೊಂಬತ್ತು ಜನ ಬಂದಿದ್ರು, ಮಾತಾಡಿದೋರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಬೇಡ ಅಂದ್ರು. ಜನಾಂಗದ ಬಗ್ಗೆ ಒಂದು ಮಾತೂ ಇಲ್ಲ, ಟ್ರಾಫಿಕ್, ಪಾರ್ಕಿಂಗ್, ಸ್ಕೂಲ್ ತುಂಬೋಗುತ್ತೆ, ಊರಿನ ಸ್ವಭಾವ ಹಾಳಾಗುತ್ತೆ, ಇಷ್ಟೇ. ಆ ಸಾಲಲ್ಲಿ ನಮ್ಮ ಕನ್ನಡದ ಮೂರು ಕುಟುಂಬ ಇದ್ವು, ನಾನು ಯುಗಾದಿಗೆ ಹೋಳಿಗೆ ಕೊಟ್ಟು ಬರೋ ಮನೆಗಳು. ಆ ವಾರದ ಪಾಟ್‌ಲಕ್‌ನಲ್ಲಿ ಅವರಲ್ಲೊಬ್ರು ನನ್ನನ್ನ ಪಕ್ಕಕ್ಕೆ ಕರೆದು "ನೀನು ಅದಕ್ಕೆ ಹೂಂ ಅನ್ಬೇಡ ಕಣೇ, ಅಂಥ ಜನ ಬಂದ್ರೆ ಸ್ಕೂಲ್ ರೇಟಿಂಗ್ ಬೀಳುತ್ತೆ" ಅಂದ್ರು. ಅಂಥ ಜನ ಅಂದ್ರೆ ಯಾರು ಅಂತ ಇಬ್ಬರಿಗೂ ಗೊತ್ತಿತ್ತು, ನಾನು ಆಗ ಏನೂ ಹೇಳ್ಲಿಲ್ಲ, ಅದೇ ಈಗ ಚುಚ್ತಾ ಇದೆ.

ಮುಂದಿನ ತಿಂಗಳು ವೋಟು. ನನ್ನ ಪ್ರಶ್ನೆ ಇಷ್ಟು. ಭಾಷಣ ಬೇಡ, ಒಳ್ಳೇ ಮನಸ್ಸು ಇರಬೇಕು ಅನ್ನೋದೂ ಗೊತ್ತು. ಆಫೀಸಿನ ಕೈಗಳಿಂದ ಆದ ಅನ್ಯಾಯ ಇದು, ಆಫೀಸಿನ ಕೈಗಳಿಂದ ಹೇಗೆ ಬಿಚ್ಚೋದು? ಸಿಟಿ, ಕೌಂಟಿಗಳಲ್ಲಿ ಕೆಲಸ ಮಾಡೋರು, ಇದನ್ನ ಹತ್ತಿರದಿಂದ ನೋಡಿದೋರು ಇಲ್ಲಿ ಇದ್ರೆ ದಯವಿಟ್ಟು ಹೇಳಿ.

ತುಂಗಾತೀರ:

ಮೇಡಂ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾನು ಶಿವಮೊಗ್ಗದವನು, ಸಿಯಾಟಲ್ ಕಡೆ ಸರ್ಕಾರಿ ಪ್ಲಾನರ್ ಕೆಲಸ, ಇಪ್ಪತ್ತು ವರ್ಷ ಆಯ್ತು. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನಿಮ್ಮ ಡೀಡ್‌ನಲ್ಲಿರೋ ಸಾಲೂ ನಿಮ್ಮ ಮುಂದಿರೋ ಝೋನಿಂಗ್ ಪುಸ್ತಕವೂ ಎರಡು ಬೇರೆ ವಿಷಯ ಅಲ್ಲ, ಅಣ್ಣ ತಮ್ಮ. 1917ರಲ್ಲಿ ಸುಪ್ರೀಂ ಕೋರ್ಟ್ ಲೂಯಿವಿಲ್ ಊರಿನ ಕೇಸ್‌ನಲ್ಲಿ ಬಣ್ಣ ನೋಡಿ ಬೀದಿ ಹಂಚೋ ಕಾನೂನು ನಡೆಯಲ್ಲ ಅಂತು. ಅದಾದ್ಮೇಲೆ ಊರುಗಳು ಬಣ್ಣದ ಮಾತು ಬಿಟ್ಟು ಮನೆಯ ಆಕಾರದ ಮಾತು ಶುರು ಮಾಡಿದ್ವು, ಇಲ್ಲಿ ಒಂಟಿ ಮನೆ ಮಾತ್ರ, ಪ್ಲಾಟು ಇಷ್ಟು ದೊಡ್ಡದಿರಬೇಕು, ಹೀಗೆ. 1926ರಲ್ಲಿ ಯೂಕ್ಲಿಡ್ ಅನ್ನೋ ಊರಿನ ಕೇಸ್‌ನಲ್ಲಿ ಅದೇ ಕೋರ್ಟು ಅದನ್ನ ಒಪ್ಕೊಳ್ತು, ಆ ತೀರ್ಪಿನಲ್ಲಿ ಅಪಾರ್ಟ್‌ಮೆಂಟನ್ನ ಪರೋಪಜೀವಿ ಅಂತ ಕರೆದಿದಾರೆ. ಆಮೇಲೆ 1930ರ ದಶಕದಲ್ಲಿ ಫೆಡರಲ್ ಸರ್ಕಾರದ ಹೋಮ್ ಓನರ್ಸ್ ಲೋನ್ ಕಾರ್ಪೊರೇಶನ್ 200ಕ್ಕೂ ಹೆಚ್ಚು ಊರುಗಳ ನಕ್ಷೆ ಬರೆಸಿ ಹಸಿರು, ನೀಲಿ, ಹಳದಿ, ಕೆಂಪು ಬಳಿಸ್ತು, ಕಪ್ಪು ಜನ ಇರೋ ಬೀದಿಗಳು ಕೆಂಪು, ಅಂದ್ರೆ ಸಾಲ ಕೊಡೋಕೆ ಅಪಾಯ. 1934ರಲ್ಲಿ ಹುಟ್ಟಿದ ಎಫ್‌ಎಚ್‌ಎ, ಅಂದ್ರೆ ಸಾಲಕ್ಕೆ ಸರ್ಕಾರದ ಗ್ಯಾರಂಟಿ ಕೊಡೋ ಸಂಸ್ಥೆ, ತನ್ನ ಕೈಪಿಡಿಯಲ್ಲೇ ನಿಮ್ಮ ಡೀಡ್‌ನಲ್ಲಿರೋ ಥರದ ಷರತ್ತು ಇದ್ರೆ ಒಳ್ಳೇದು ಅಂತ ಬರೀತು. ಬ್ಯಾಂಕು, ಬಿಲ್ಡರ್, ಮನೆಗೆ ಬೆಲೆ ಕಟ್ಟೋ ಅಪ್ರೈಸರ್, ಕಾಗದ ನೋಂದಣಿ ಮಾಡೋ ಕೌಂಟಿ ರೆಕಾರ್ಡರ್, ಎಲ್ಲರೂ ತಮ್ಮ ತಮ್ಮ ಫಾರ್ಮ್ ತುಂಬಿದ್ರು, ಯಾರೂ ಕೂಗಾಡ್ಲಿಲ್ಲ. ಅದಕ್ಕೇ ಇದನ್ನ ಬಿಚ್ಚೋ ಕೆಲಸನೂ ಫಾರ್ಮ್, ರೂಲ್, ರಿಪೋರ್ಟುಗಳ ಒಳಗೇ ಆಗ್ಬೇಕು, ಅಲ್ಲಿ ಬರೆದಿಲ್ಲ ಅಂದ್ರೆ ಮುಂದಿನ ಮೇಯರ್ ಬಂದಾಗ ಇರಲ್ಲ.

ನಿಮ್ಮ ವೋಟಿನ ವಿಷಯಕ್ಕೆ ಬರ್ತೀನಿ. ಸ್ಟಾಫ್ ರಿಪೋರ್ಟ್, ಅಂದ್ರೆ ವೋಟಿಗೆ ಮುಂಚೆ ಸಿಟಿ ಸಿಬ್ಬಂದಿ ಕೊಡೋ ವರದಿ, ಬರೆಯೋ ಪ್ಲಾನರ್‌ನ ಈಗಲೇ, ಹಿಯರಿಂಗ್‌ಗೆ ಮುಂಚೆ, ಎರಡು ಪ್ರಶ್ನೆ ಕೇಳಿ, ಲಿಖಿತವಾಗಿ. ಇದು ಆದ್ರೆ ಯಾರಿಗೆ ಅನುಕೂಲ ಯಾರಿಗೆ ಹೊರೆ, ಆಗದಿದ್ರೆ ಯಾರಿಗೆ ಅನುಕೂಲ ಯಾರಿಗೆ ಹೊರೆ. ಎರಡನೇ ಅರ್ಧನ ಎಲ್ಲರೂ ಮರೀತಾರೆ. ಏನೂ ಮಾಡದೇ ಇರೋದೂ ಒಂದು ತೀರ್ಮಾನವೇ, ಅದಕ್ಕೂ ಒಂದು ಬೆಲೆ ಇದೆ, ಅದನ್ನ ಯಾರೋ ಕೊಡ್ತಿದಾರೆ. ಸಿಯಾಟಲ್‌ನಲ್ಲಿ 2004ರಲ್ಲಿ ಮೇಯರ್ ಗ್ರೆಗ್ ನಿಕಲ್ಸ್ ಕಾಲದಲ್ಲಿ ರೇಸ್ ಅಂಡ್ ಸೋಶಿಯಲ್ ಜಸ್ಟಿಸ್ ಇನಿಶಿಯೇಟಿವ್ ಅಂತ ಶುರುವಾಯ್ತು, ಬಜೆಟ್ಟು, ರೂಲು, ಪ್ರಾಜೆಕ್ಟು ಬಂದಾಗ ಇಲಾಖೆಗಳು ಇಂಥದೇ ಪ್ರಶ್ನಾವಳಿ ಇಟ್ಕೊಂಡು ಕೂರೋ ಪದ್ಧತಿ ಅಲ್ಲಿಂದ ಬಂತು. ನ್ಯೂಯಾರ್ಕ್ ಸಿಟಿಯಲ್ಲಿ 2022ರಿಂದ ದೊಡ್ಡ ರೀಝೋನಿಂಗ್ ಅರ್ಜಿ ಜೊತೆ ಆ ಏರಿಯಾದ ಜನಾಂಗ, ಆದಾಯ, ಬಾಡಿಗೆ ಹೊರೆ ಇವೆಲ್ಲ ಇರೋ ರಿಪೋರ್ಟ್ ಕೊಡಲೇಬೇಕು. ನಿಮ್ಮ ಸಣ್ಣ ಊರಿಗೆ ಅಷ್ಟೆಲ್ಲ ಬೇಡ, ಎರಡು ಪುಟ ಸಾಕು. ಆದ್ರೆ ಅದು ದಾಖಲೆಯಲ್ಲಿ ಕೂರಬೇಕು.

ಹಿಯರಿಂಗ್ ಬಗ್ಗೆ. ತೊಂಬತ್ತು ಜನ ಬಂದ್ರು ಅಂದ್ರಿ, ಅವರು ಊರಲ್ಲ. ಮಂಗಳವಾರ ಸಂಜೆ ಏಳಕ್ಕೆ ಬರೋರು ಯಾರು, ಸ್ವಂತ ಮನೆ ಇರೋರು, ಮಕ್ಕಳು ದೊಡ್ಡವರಾಗಿರೋರು, ಶಿಫ್ಟ್ ಕೆಲಸ ಇಲ್ಲದೋರು. ಆ 42 ಮನೇಲಿ ಇರೋಕೆ ಬರೋರು ಇನ್ನೂ ಬೇರೆ ಊರಲ್ಲಿದಾರೆ, ಅವರಿಗೆ ನೋಟಿಸೇ ಹೋಗಿಲ್ಲ, ನೋಟಿಸು ಹೋಗೋದು ಪಕ್ಕದ ಜಾಗದ ಮಾಲೀಕರಿಗೆ. ಬಾಡಿಗೆದಾರರಿಗೂ ನೋಟಿಸ್ ಕಳಿಸಿ, ಬರೆದು ಕೊಟ್ಟ ಅಭಿಪ್ರಾಯವನ್ನೂ ಓದಿ ದಾಖಲು ಮಾಡಿ ಅಂತ ನೀವು ಕೇಳಬಹುದು, ಅದು ಕಮಿಷನರ್ ಕೈಯಲ್ಲಾಗೋ ಕೆಲಸ. ಇನ್ನೊಂದು, ಅಕ್ಕಪಕ್ಕದವರಿಗೆ ಇಷ್ಟ ಇಲ್ಲ ಅನ್ನೋದು ಒಂದೇ ಪರ್ಮಿಟ್ ನಿರಾಕರಿಸೋಕೆ ಕಾನೂನಿನ ಕಾರಣ ಆಗಲ್ಲ, ಟ್ರಾಫಿಕ್ ಅಂದ್ರೆ ಟ್ರಾಫಿಕ್ ಸ್ಟಡಿ ಏನು ಹೇಳುತ್ತೆ ನೋಡಿ. ಜನರ ಮತ ಅನ್ನೋದ್ರ ಬಗ್ಗೆ ನಮ್ಮೂರ ಚರಿತ್ರೆ ಒಂದು ಹೇಳ್ಲೇಬೇಕು. 1964ರ ಮಾರ್ಚ್‌ನಲ್ಲಿ ಸಿಯಾಟಲ್‌ನಲ್ಲಿ ಮನೆ ಮಾರುವಾಗ, ಬಾಡಿಗೆ ಕೊಡುವಾಗ ಬಣ್ಣ ನೋಡಬಾರದು ಅನ್ನೋ ಕಾನೂನನ್ನ ಜನರ ವೋಟಿಗೆ ಹಾಕಿದ್ರು, ಎರಡಕ್ಕೆ ಒಂದರ ಲೆಕ್ಕದಲ್ಲಿ ಸೋತುಹೋಯ್ತು. ನಾಲ್ಕು ವರ್ಷ ಆದ್ಮೇಲೆ 1968ರ ಏಪ್ರಿಲ್‌ನಲ್ಲಿ, ಡಾಕ್ಟರ್ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ ಆಗಿ ಎರಡು ವಾರಕ್ಕೆ, ಸಿಟಿ ಕೌನ್ಸಿಲ್ ಅದನ್ನ ಅವಿರೋಧವಾಗಿ ಪಾಸ್ ಮಾಡ್ತು. ಅದನ್ನ ಮುಂದಿಟ್ಟೋರು ಸ್ಯಾಮ್ ಸ್ಮಿತ್, ನಮ್ಮ ಕೌನ್ಸಿಲ್‌ನ ಮೊದಲ ಕಪ್ಪು ಸದಸ್ಯರು. ಮೀಟಿಂಗ್ ಹಾಲ್ ತುಂಬಿದೆ ಅಂತ ಹೆದರೋ ಹೊತ್ತಲ್ಲಿ ನಾನು ಅದನ್ನ ನೆನೆಸ್ಕೋತೀನಿ.

ಮನೆ ಕಟ್ಟಿದ್ರೆ ಮುಗೀತು ಅಂತಲೂ ಅಲ್ಲ. ಯಾರಿಗೆ ಸಿಗುತ್ತೆ ಅನ್ನೋದು ಮುಖ್ಯ. ಸಿಯಾಟಲ್‌ನ ಸೆಂಟ್ರಲ್ ಡಿಸ್ಟ್ರಿಕ್ಟ್‌ನಲ್ಲಿ 1970ರ ಸುಮಾರಿಗೆ ಮುಕ್ಕಾಲು ಪಾಲು ಕಪ್ಪು ಜನ ಇದ್ರು, ಬೇರೆ ಕಡೆ ಮನೆ ಕೊಡದೆ ಅಲ್ಲಿಗೇ ತಳ್ಳಿದ್ದು. ಆಮೇಲೆ ಬೆಲೆ ಏರಿ ಅಲ್ಲಿಂದಲೂ ಖಾಲಿ ಆಗ್ತಾ ಬಂದ್ರು, ಈಗ ಐದರಲ್ಲಿ ಒಂದು ಪಾಲೂ ಉಳಿದಿಲ್ಲ. ಅಲ್ಲಿ 2019ರಲ್ಲಿ ಲಿಬರ್ಟಿ ಬ್ಯಾಂಕ್ ಬಿಲ್ಡಿಂಗ್ ಅಂತ 115 ಮನೆಗಳ ಕಟ್ಟಡ ಎದ್ದಿತು, 1968ರಲ್ಲಿ ಶುರುವಾದ, ಕಪ್ಪು ಜನರ ಒಡೆತನದ ಬ್ಯಾಂಕ್ ಇದ್ದ ಜಾಗದಲ್ಲಿ. ಅದನ್ನ ಮಾಡುವಾಗ ಆ ಏರಿಯಾ ಬಿಟ್ಟು ಹೋದೋರನ್ನ ಹುಡುಕಿ, ಚರ್ಚುಗಳಿಗೆ ಹೋಗಿ ಅರ್ಜಿ ಕೊಟ್ಟು ಕರೆದ್ರು. ಬರೀ ವೆಬ್‌ಸೈಟಲ್ಲಿ ಹಾಕಿ ಮೊದಲು ಬಂದೋರಿಗೆ ಅಂದಿದ್ರೆ ಅವರಲ್ಲಿ ಯಾರಿಗೂ ಮನೆ ಸಿಗ್ತಿರ್ಲಿಲ್ಲ. ನಿಮ್ಮ ಚರ್ಚ್ ಪ್ರಾಜೆಕ್ಟಿಗೂ ಇದನ್ನ ಕೇಳಿ, ಅರ್ಜಿ ಎಲ್ಲಿ ಸಿಗುತ್ತೆ, ಯಾವ ಭಾಷೇಲಿ, ಹತ್ತು ವರ್ಷದ ಹಿಂದಿನ ಒಂದು ಇವಿಕ್ಷನ್ ಕೇಸ್, ಅಂದ್ರೆ ಮನೆ ಖಾಲಿ ಮಾಡಿಸೋಕೆ ಹಾಕಿದ ಕೇಸ್, ಇದ್ರೆ ಬಾಗಿಲು ಮುಚ್ಚುತ್ತಾ ಅಂತ. ನಿಮ್ಮ ಪಕ್ಕದ ಮಿನಿಯಾಪೊಲಿಸ್‌ನಲ್ಲೇ 2019ರಲ್ಲಿ ಬಾಡಿಗೆದಾರರ ಹಳೇ ಕೇಸು, ಕ್ರೆಡಿಟ್ ನೋಡಿ ತಳ್ಳೋದಕ್ಕೆ ಮಿತಿ ಹಾಕಿದಾರೆ, ಆ ಆರ್ಡಿನೆನ್ಸ್ ತರಿಸಿ ಓದಿ.

ಪುಟ್ಟಸರೋವರ:

ತುಂಬಾ ಥ್ಯಾಂಕ್ಸ್ ಸರ್. "ಆಗದಿದ್ರೆ ಯಾರಿಗೆ ಹೊರೆ" ಅನ್ನೋದು ನನಗೆ ಹೊಳೆದೇ ಇರ್ಲಿಲ್ಲ, ನಾಳೆನೇ ಮೇಲ್ ಮಾಡ್ತೀನಿ. ಮಿನಿಯಾಪೊಲಿಸ್ ಅಂದ್ರಲ್ಲ, ಅಲ್ಲಿನ 2040 ಪ್ಲಾನ್ ಬಗ್ಗೆ ಇಲ್ಲಿ ಎಲ್ಲರೂ ಮಾತಾಡ್ತಾರೆ, 2018ರ ಡಿಸೆಂಬರ್‌ನಲ್ಲಿ ಕೌನ್ಸಿಲ್ 12-1ರಲ್ಲಿ ಪಾಸ್ ಮಾಡಿ ಊರಿಡೀ ಒಂದು ಪ್ಲಾಟಿಗೆ ಮೂರು ಮನೆ ತನಕ ಕಟ್ಟಬಹುದು ಅಂದ್ರಲ್ಲ. ಅದ್ರಿಂದ ನಿಜವಾಗಿ ಏನಾದ್ರೂ ಆಯ್ತಾ?

ತುಂಗಾತೀರ:

ಆಯ್ತು, ಆದ್ರೆ ಜನ ಅಂದ್ಕೊಂಡ ಕಡೆಯಿಂದಲ್ಲ. ಮೂರು ಮನೆಯ ಕಟ್ಟಡಗಳು ಎದ್ದಿದ್ದು ಬೆರಳೆಣಿಕೆಯಷ್ಟು. ಕೆಲಸ ಮಾಡಿದ್ದು ಬಸ್ ಓಡಾಡೋ ದೊಡ್ಡ ರಸ್ತೆಗಳಲ್ಲಿ ಅಪಾರ್ಟ್‌ಮೆಂಟಿಗೆ ಅವಕಾಶ ಕೊಟ್ಟಿದ್ದು, ಮತ್ತೆ ಇಷ್ಟು ಮನೆಗೆ ಇಷ್ಟು ಕಾರ್ ಜಾಗ ಅನ್ನೋ ಕಡ್ಡಾಯ ತೆಗೆದಿದ್ದು. 2017ರಿಂದ 2022ರ ಒಳಗೆ ಅಲ್ಲಿ ಮನೆಗಳ ಸಂಖ್ಯೆ 12 ಪರ್ಸೆಂಟ್ ಏರ್ತು, ಬಾಡಿಗೆ ಏರಿದ್ದು ಬರೀ 1 ಪರ್ಸೆಂಟ್, ರಾಜ್ಯದ ಉಳಿದ ಕಡೆ 14. ಇದು ಪ್ಯೂ ಅನ್ನೋ ಸಂಶೋಧನಾ ಸಂಸ್ಥೆಯವರ ಲೆಕ್ಕ. ಬಾಡಿಗೆ ಏರದೇ ಇದ್ರೆ ಮೊದಲು ಉಸಿರು ಬಿಡೋರು ಬಾಡಿಗೇಲಿರೋ ಕಪ್ಪು ಕುಟುಂಬಗಳೇ. ಆದ್ರೆ ಇದ್ರಿಂದ ಯಾರ ಅಜ್ಜನ ಮನೆಯೂ ವಾಪಸ್ ಬರ್ಲಿಲ್ಲ, ಆಸ್ತಿ ಮಾಡ್ಕೊಳ್ಳೋಕೆ ದಾರಿ ಬೇರೇನೇ ಬೇಕು. ನಿಮ್ಮ ಕಮಿಷನ್‌ಗೆ ಪಾರ್ಕಿಂಗ್ ರೂಲ್ ಬಂದಾಗ ಮಾತ್ರ ಗಟ್ಟಿಯಾಗಿ ಕೂತ್ಕೊಳ್ಳಿ.

ಸಾಧನಕೇರಿ:

ನಮಸ್ಕಾರ್ರಿ ಎಲ್ಲಾರಿಗೂ. ನಾ ಧಾರವಾಡದಾಕಿ, ನ್ಯೂಜೆರ್ಸಿಗೆ ಬಂದು ಇಪ್ಪತ್ತಾರು ವರ್ಷ ಆತು. ತಂಗಿ, ನಿಮ್ಮ ಚರ್ಚಿನ ಕಥಿ ಓದಿ ನನಗ ನಮ್ಮ ರಾಜ್ಯದ ಮೌಂಟ್ ಲಾರೆಲ್ ನೆನಪಾತು, ಹೇಳ್ತೀನಿ ಕೇಳ್ರಿ, ಯಾಕಂದ್ರ ಅದೂ ಒಂದು ಚರ್ಚಿನಾಗೇ ಶುರು ಆಗಿದ್ದು. ಅಲ್ಲಿ ಎಥೆಲ್ ಲಾರೆನ್ಸ್ ಅಂತ ಒಬ್ಬ ಕಪ್ಪು ಹೆಣ್ಣುಮಗಳು ಇದ್ರು, ಅವರ ಮನೆತನ ಆ ಊರಾಗ ತಲೆಮಾರುಗಳಿಂದ ಇತ್ತು. ಕೋಳಿಗೂಡಿನಂಥಾ ಮನ್ಯಾಗ ಇದ್ದ ತಮ್ಮ ಜನರ ಸಲುವಾಗಿ 36 ಅಪಾರ್ಟ್‌ಮೆಂಟ್ ಕಟ್ಟಾಕ ಪರವಾನಗಿ ಕೇಳಿದ್ರು, ಬರೇ 36. 1970ರಾಗ ಊರಿನ ಮೇಯರ್ ಅವರ ಚರ್ಚಿಗೇ ಬಂದು ನಿಮಗಿಲ್ಲಿ ಇರಾಕ ರೊಕ್ಕ ಸಾಲೂದಿಲ್ಲಂದ್ರ ಊರು ಬಿಡ್ರಿ ಅನ್ನೂ ಅರ್ಥದಾಗ ಹೇಳಿ ಹ್ವಾದ. ಅವರು ಬಿಡಲಿಲ್ರಿ, ಕೋರ್ಟಿಗೆ ಹ್ವಾದ್ರು. 1975ರಾಗ ನ್ಯೂಜೆರ್ಸಿ ಸುಪ್ರೀಂ ಕೋರ್ಟು, ಪ್ರತಿ ಊರೂ ತನ್ನ ಪಾಲಿನ ಕಡಿಮಿ ಬೆಲಿ ಮನಿಗಳಿಗೆ ಜಾಗಾ ಕೊಡಬೇಕು, ಝೋನಿಂಗ್ ಹೆಸರಿನಾಗ ಬಡವರನ್ನ ಹೊರಗಿಡೂ ಹಂಗಿಲ್ಲ ಅಂತು. ಊರುಗಳು ಏನೂ ಮಾಡಲಿಲ್ಲ. 1983ರಾಗ ಕೋರ್ಟು ಮತ್ತ ಹೇಳ್ತು, ಈ ಸಲ ಹಲ್ಲು ಇತ್ತು, ನೀವು ಜಾಗಾ ಕೊಡಲಿಲ್ಲಂದ್ರ ಬಿಲ್ಡರ್ ಸೀದಾ ಕೋರ್ಟಿಗೆ ಬರ್ತಾನ ಅಂತ.

ಆದ್ರ ನಡುವ ಒಂದು ಹೊಲಸು ಆತು, ಅದನ್ನ ನೀವು ತಿಳ್ಕೋಬೇಕು. ಶ್ರೀಮಂತ ಊರುಗಳು ತಮ್ಮ ಪಾಲಿನ ಅರ್ಧದ ತನಕ ರೊಕ್ಕ ಕೊಟ್ಟು ಬಡ ಸಿಟಿಗಳಿಗೆ ದಾಟಸಾಕ ಕಾನೂನಿನಾಗೇ ಅವಕಾಶ ಮಾಡಿದ್ರು. ಮನಿ ಲೆಕ್ಕ ಸರಿ ಆತು, ಆದ್ರ ಕಪ್ಪು ಜನ ಎಲ್ಲಿದ್ರೋ ಅಲ್ಲೇ ಉಳದ್ರು. 2008ರಾಗ ಅದನ್ನ ಬಂದ್ ಮಾಡಿದ್ರು. ಅದಕ್ಕ ಎಷ್ಟು ಮನಿ ಅಂತ ಅಷ್ಟೇ ಕೇಳಬ್ಯಾಡ್ರಿ, ಎಲ್ಲಿ ಅಂತ ಕೇಳ್ರಿ. ನಿಮ್ಮ ಊರವರೂ ನಾಳೆ ಹೈವೇ ಬಾಜೂಕ ಒಂದು ಜಾಗಾ ಅದ, ಅಲ್ಲಿ ಕಟ್ರಿ ಅಂತಾರ, ನೋಡ್ರಿ ಬೇಕಾದ್ರ.

ಎಥೆಲ್ ಲಾರೆನ್ಸ್ ಅವರು 1994ರಾಗ ತೀರಿಕೊಂಡ್ರು, ಒಂದು ಮನಿ ಎದ್ದಿದ್ದೂ ನೋಡಲಿಲ್ಲ. ಅವರ ಹೆಸರಿನ 140 ಮನಿ ಆಮ್ಯಾಲೆ ಎದ್ವು. ಸ್ಕೂಲು, ರೇಟಿಂಗು ಅಂತ ಅಂದ್ರಲ್ಲ ನಿಮ್ಮ ಗೆಳತಿ, ಪ್ರಿನ್ಸ್‌ಟನ್ನಿನ ಡಗ್ಲಸ್ ಮ್ಯಾಸಿ ಅಂತ ಸಮಾಜಶಾಸ್ತ್ರಜ್ಞರು ಮತ್ತ ಅವರ ಜೋಡಿಯವರು ಆ ಮನಿಗಳು ಬಂದ ಮ್ಯಾಲೆ ಏನಾತು ಅಂತ ವರ್ಷಗಟ್ಟಲೆ ನೋಡಿದ್ರು. ಸುತ್ತಲಿನ ಮನಿ ಬೆಲಿ ಬೀಳಲಿಲ್ಲ, ಅಪರಾಧ ಹೆಚ್ಚಾಗಲಿಲ್ಲ, ಟ್ಯಾಕ್ಸು ಏರಲಿಲ್ಲ. ಹತ್ತಿರದಾಗೇ ಇರೋ ಎಷ್ಟೋ ಜನರಿಗೆ ಅಲ್ಲಿ ಅಂಥಾ ಮನಿ ಅದಾವು ಅನ್ನೂದೇ ಗೊತ್ತಿರಲಿಲ್ಲ. ಇದನ್ನ ಹಿಯರಿಂಗಿನಾಗ ಹೇಳ್ರಿ.

ಎಸ್‌ಕೆ_ಡಲ್ಲಾಸ್:

ಎಲ್ಲರ ಮೇಲೂ ಗೌರವ ಇಟ್ಕೊಂಡೇ ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನಾವು ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದೋರು, ಐದು ವರ್ಷ ಒಂದೇ ಬೆಡ್‌ರೂಮ್‌ನಲ್ಲಿದ್ದು ದುಡ್ಡು ಕೂಡಿಟ್ಟು ಮನೆ ತಗೊಂಡ್ವಿ. ನಮ್ಮ ತಾತ ಮುತ್ತಾತ ಇಲ್ಲಿ ಯಾರಿಗೂ ಅನ್ಯಾಯ ಮಾಡಿಲ್ಲ. ಬಣ್ಣ ನೋಡಿ ಅನ್ಯಾಯ ಮಾಡಿದ್ದು ತಪ್ಪು ಅಂದ್ಮೇಲೆ ಬಣ್ಣ ನೋಡಿ ಸಹಾಯ ಮಾಡೋದೂ ತಪ್ಪಲ್ವಾ? ಎಲ್ಲರಿಗೂ ಒಂದೇ ರೂಲ್ ಇಟ್ಟು ಬಿಟ್ಟುಬಿಡಬಹುದಲ್ವಾ? ಕೋರ್ಟುಗಳೂ ಈಗ ಅದನ್ನೇ ಹೇಳ್ತಿವೆ, ಫೆಡರಲ್ ಸರ್ಕಾರನೂ 2025ರಲ್ಲಿ, ಊರುಗಳು ಜನಾಂಗದ ವಿಂಗಡಣೆ ತಗ್ಗಿಸೋಕೆ ಕೆಲಸ ಮಾಡ್ಬೇಕು ಅನ್ನೋ ಹಳೇ ಫೇರ್ ಹೌಸಿಂಗ್ ರೂಲ್ ತೆಗೆದುಹಾಕ್ತು.

ತುಂಗಾತೀರ:

ಎಸ್‌ಕೆ ಅವ್ರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ, ನನ್ನ ಭಾವನೂ ಪ್ರತಿ ದೀಪಾವಳಿಗೆ ಇದನ್ನೇ ಕೇಳ್ತಾನೆ.

ಮೊದಲು ನಮ್ಮ ಕಥೆ. 1923ರಲ್ಲಿ ಭಗತ್ ಸಿಂಗ್ ಥಿಂಡ್, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದೋರು, ಅವರಿಗೆ ನೀನು ಬಿಳಿಯ ಅಲ್ಲ ಅಂತ ಹೇಳಿ ಸುಪ್ರೀಂ ಕೋರ್ಟ್ ಪೌರತ್ವ ಇಲ್ಲ ಅಂತು. ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಕೊಳ್ಳೋ ಹಾಗಿಲ್ಲ ಅನ್ನೋ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1913ರಿಂದ ಇತ್ತು, ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ 1921ರಿಂದ 1966ರ ತನಕ. ಆಗ ನಾವು ಬಂದಿದ್ರೆ ಎಷ್ಟು ಕೂಡಿಟ್ರೂ ಮನೆ ಸಿಗ್ತಿರ್ಲಿಲ್ಲ. ನಮ್ಮಂಥೋರು ಇಷ್ಟು ಜನ ಇಲ್ಲಿಗೆ ಬರೋ ಬಾಗಿಲು 1965ರ ವಲಸೆ ಕಾನೂನಿನಿಂದ ತೆರೀತು, ಅದು ಕಪ್ಪು ಜನರ ಸಿವಿಲ್ ರೈಟ್ಸ್ ಹೋರಾಟದ ಅಲೆಯಲ್ಲೇ ಬಂದದ್ದು. ನಾವು ಕಷ್ಟಪಟ್ಟಿದ್ದು ನಿಜ, ಬಾಗಿಲು ಬೇರೆಯವರು ತೆಗೆದಿದ್ದೂ ನಿಜ.

ಇನ್ನು ರೂಲ್. ಬಣ್ಣ ನೋಡಿ ಕೊಡೋದು ಅಂತ ಬರೀದೇ, ಯಾವ ಕೆಲಸದಿಂದ ಯಾರಿಗೆ ನಷ್ಟ ಆಯ್ತೋ ಅವರಿಗೆ ಕೊಡೋದು ಅಂತ ಬರೀಬಹುದು. ಮೇಡಂ ಊರಿನ ಪಕ್ಕದ ಸೇಂಟ್ ಪಾಲ್‌ನಲ್ಲಿ ರಾಂಡೋ ಅಂತ ಕಪ್ಪು ಜನರ ಪೇಟೆ ಇತ್ತು, ಐ-94 ಹೈವೇ ಅದರ ಮಧ್ಯೆ ಸೀಳ್ಕೊಂಡು ಹೋಯ್ತು, 600ಕ್ಕೂ ಹೆಚ್ಚು ಕುಟುಂಬ ಮನೆ ಕಳ್ಕೊಂಡ್ವು. 2015ರಲ್ಲಿ ಮೇಯರ್ ಕ್ಷಮೆ ಕೇಳಿದ್ರು. 2023ರಲ್ಲಿ ಸಿಟಿ ಇನ್‌ಹೆರಿಟೆನ್ಸ್ ಫಂಡ್ ಅಂತ ಮಾಡಿ, ಹಾಗೆ ಮನೆ ಕಳ್ಕೊಂಡೋರ ಮಕ್ಕಳು ಮೊಮ್ಮಕ್ಕಳಿಗೆ ಮನೆ ಕೊಳ್ಳೋಕೆ ಡೌನ್ ಪೇಮೆಂಟ್ ಕೊಡೋಕೆ ಶುರು ಮಾಡ್ತು. ಅಲ್ಲಿ ಕೇಳೋದು ನಿನ್ನ ಅಜ್ಜಿ ಮನೆ ಯಾವ ಬೀದೀಲಿತ್ತು ಅಂತ. ಪೋರ್ಟ್‌ಲ್ಯಾಂಡ್‌ನಲ್ಲೂ ಸಿಟಿಯ ಕೆಲಸಗಳಿಂದ ಎತ್ತಂಗಡಿ ಆದ ಬೀದಿಗಳವರಿಗೆ ವಾಪಸ್ ಬರೋಕೆ ಮೊದಲ ಪಾಳಿ ಇದೆ. ಇಲಿನಾಯ್‌ನ ಇವಾನ್‌ಸ್ಟನ್ 2021ರಲ್ಲಿ ನೇರವಾಗಿಯೇ ಹೋಯ್ತು, 1919ರಿಂದ 1969ರ ನಡುವೆ ಅಲ್ಲಿದ್ದ ಕಪ್ಪು ನಿವಾಸಿಗಳಿಗೆ, ಅವರ ವಂಶದವರಿಗೆ ಮನೆಗಾಗಿ 25,000 ಡಾಲರ್. ಅದರ ಮೇಲೆ 2024ರಲ್ಲಿ ಕೇಸ್ ಬಿತ್ತು. ಹಾಗಂತ ಇವಾನ್‌ಸ್ಟನ್‌ನವರು ಮಾಡಿದ್ದು ತಪ್ಪು ಅಂತ ನನಗೆ ಅನ್ಸಲ್ಲ, ಅವರು ತಮ್ಮೂರಲ್ಲಿ ಏನೇನು ನಡೀತು ಅಂತ ಮೊದಲು ಚರಿತ್ರೆ ಬರೆಸಿ, ಅದರ ಮೇಲೆ ನಿಂತು ಮಾಡಿದಾರೆ.

ನಮ್ಮ ರಾಜ್ಯದ್ದು ನಿಮಗೆ ಆಶ್ಚರ್ಯ ಆಗಬಹುದು. 2023ರಲ್ಲಿ ಕವನೆಂಟ್ ಹೋಮ್‌ಓನರ್‌ಶಿಪ್ ಕಾನೂನು ಮಾಡಿದ್ರು, ಕವನೆಂಟ್ ಅಂದ್ರೆ ಮೇಡಂ ಡೀಡ್‌ನಲ್ಲಿರೋ ಥರದ ಷರತ್ತು, ಜಮೀನು ಕಾಗದ ನೋಂದಣಿಗೆ 100 ಡಾಲರ್ ಹೆಚ್ಚುವರಿ ಶುಲ್ಕ, ಆ ದುಡ್ಡಲ್ಲಿ ಡೌನ್ ಪೇಮೆಂಟ್ ಸಹಾಯ. ಯಾವ ಕಚೇರಿಯಲ್ಲಿ ಆ ಷರತ್ತುಗಳು ನೋಂದಣಿ ಆದ್ವೋ ಅದೇ ಕಚೇರಿಯ ಶುಲ್ಕ. ಯಾರಿಗೆ ಅಂದ್ರೆ 1968ರ ಏಪ್ರಿಲ್‌ಗೆ ಮುಂಚೆ ಇಲ್ಲಿದ್ದ ಕಪ್ಪು, ಹಿಸ್ಪಾನಿಕ್, ಮೂಲನಿವಾಸಿ, ಪೆಸಿಫಿಕ್ ದ್ವೀಪದ, ಕೊರಿಯನ್, ಮತ್ತೆ ಭಾರತೀಯ ಕುಟುಂಬಗಳಿಗೆ. ಹೌದು, ಭಾರತೀಯರ ಹೆಸರೂ ಇದೆ, ಸ್ಟಡಿ ಮಾಡಿ ನಷ್ಟದ ಗುರುತು ಸಿಕ್ಕಿದ್ದಕ್ಕೆ ಸೇರಿಸಿದಾರೆ. ನಾನು ನೀವು ಅದಕ್ಕೆ ಬರಲ್ಲ, ಆಮೇಲೆ ಬಂದೋರು.

ಫೆಡರಲ್ ರೂಲ್ ಹೋಗಿದ್ದು ನಿಜ. 2015ರಲ್ಲಿ ಬಂತು, 2020ರಲ್ಲಿ ಹೋಯ್ತು, 2021ರಲ್ಲಿ ಅರ್ಧ ಬಂತು, 2025ರಲ್ಲಿ ಮತ್ತೆ ಹೋಯ್ತು. ಆದ್ರೆ 1968ರ ಕಾನೂನು ಹಾಗೇ ಇದೆ, ರಾಜ್ಯದ ಕಾನೂನುಗಳಿವೆ, ಝೋನಿಂಗ್ ಪುಸ್ತಕ ಊರಿನ ಕೈಯಲ್ಲಿದೆ.

ನಿವೃತ್ತ_ಶಿರಸ್ತೇದಾರ:

ನಾನು ಹಾಸನದವನು, ಅಮೆರಿಕ ನೋಡಿಲ್ಲ, ಮಗಳು ಸಿಯಾಟಲ್‌ನಲ್ಲಿದಾಳೆ, ಅವಳೇ ಈ ಚರ್ಚೆ ಕಳಿಸಿದ್ದು. ಮೂವತ್ತಮೂರು ವರ್ಷ ಕಂದಾಯ ಇಲಾಖೇಲಿ ಕೆಲಸ ಮಾಡಿದೀನಿ, ಅದಕ್ಕೆ ಒಂದೆರಡು ಮಾತು.

ಅಮ್ಮಾ, ನಿಮ್ಮ ಡೀಡಿನಲ್ಲಿ ಇರೋದು ಜನರನ್ನ ಹೊರಗಿಡೋಕೆ ಬರೆದ ಷರತ್ತು. ನಮ್ಮಲ್ಲಿ ಉಳಿಸೋಕೆ ಬರೆದ ಷರತ್ತೊಂದಿದೆ. 1978ರಲ್ಲಿ ದೇವರಾಜ ಅರಸರ ಸರ್ಕಾರ ಇದ್ದಾಗ ಮಾಡಿದ್ದು, ನಾವು ಪಿಟಿಸಿಎಲ್ ಅಂತೀವಿ. ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ, ಮಾರಿದ್ರೆ ಎಸಿ ಸಾಹೇಬರು ಆ ಕ್ರಯ ರದ್ದು ಮಾಡಿ ಮೂಲ ಮಂಜೂರಿದಾರರಿಗೋ ಅವರ ವಾರಸುದಾರರಿಗೋ ವಾಪಸ್ ಕೊಡಿಸಬಹುದು. ಒಂದು ಚೀಲ ರಾಗಿಗೆ, ಆಸ್ಪತ್ರೆ ಖರ್ಚಿಗೆ ಎರಡು ಎಕರೆ ಬರೆದುಕೊಟ್ಟೋರನ್ನ ನಾನು ಕಣ್ಣಾರೆ ನೋಡಿದೀನಿ, ಅವರ ಮೊಮ್ಮಕ್ಕಳು ಪಹಣಿಯಲ್ಲಿ ಮತ್ತೆ ಹೆಸರು ಬಂದಿದ್ದು ನೋಡಿ ಅತ್ತಿದ್ದನ್ನೂ ನೋಡಿದೀನಿ. ಆದ್ರೆ ಆ ಕಾನೂನಿನಲ್ಲಿ ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ಬರೆದಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಸಮಂಜಸ ಕಾಲದೊಳಗೆ ಬರಬೇಕು ಅಂತು, ಅದಾದ ಮೇಲೆ ತಡವಾಯ್ತು ಅಂತ ಒಂದರ ಹಿಂದೆ ಒಂದು ಕೇಸು ಬಿದ್ದುಹೋದವು. ಫ್ರೀಡಂ ಪಾರ್ಕಿನಲ್ಲಿ ಜನ ತಿಂಗಳುಗಟ್ಟಲೆ ಧರಣಿ ಕೂತರು, 2023ರಲ್ಲಿ ತಿದ್ದುಪಡಿ ಆಗಿ ಕಾಲಮಿತಿ ಇಲ್ಲ ಅಂತ ಸೇರಿಸಿದರು. ಬರೆಯದೇ ಬಿಟ್ಟ ಒಂದು ಸಾಲಿಗೆ ಬಡವರು ಎಷ್ಟು ಅಲೆದರು ನೋಡಿ. ನಿಮ್ಮ 42 ಮನೆಗಳ ಬಾಡಿಗೆ ಎಷ್ಟು ವರ್ಷ ಕಡಿಮೆ ಇರಬೇಕು, ಕಟ್ಟಡ ಮಾರಿದರೂ ಆ ಷರತ್ತು ಜಾಗದ ಜೊತೆ ಹೋಗುತ್ತಾ, ಇದನ್ನ ಕಾಗದದಲ್ಲಿ ಬರೆಸಿಕೊಂಡಿದೀರಾ?

ನಮ್ಮೂರಲ್ಲೂ ಬಾಡಿಗೆ ಮನೆ ಕೇಳೋಕೆ ಹೋದರೆ "ನೀವು ಯಾವ ಪೈಕಿ" ಅಂತ ಕೇಳೋರು ಇನ್ನೂ ಇದಾರೆ. 2023ರಲ್ಲಿ ಸಿಯಾಟಲ್ ಸಿಟಿ ಕೆಲಸದಲ್ಲಿ, ಮನೆ ಕೊಡೋದರಲ್ಲಿ ಜಾತಿ ನೋಡಬಾರದು ಅಂತ ಕಾನೂನು ಮಾಡಿದಾಗ ಮಗಳು ಫೋನ್ ಮಾಡಿ ಹೇಳಿದಳು. ಅಲ್ಲಿಯ ಕನ್ನಡದವರು ಆ ಚರ್ಚಿನ ಮನೆಗಳಿಗೆ ಬೇಡ ಅಂದರು ಅಂತ ಓದಿ ಮನಸ್ಸಿಗೆ ಕಷ್ಟ ಆಯ್ತು.

ಪುಟ್ಟಸರೋವರ:

ಎಲ್ಲರಿಗೂ ಉತ್ತರ ಕೊಡೋಕೆ ತಡ ಆಯ್ತು, ವೋಟು ಮುಗಿಸ್ಕೊಂಡು ಬರೀತಿದೀನಿ. ಸ್ಟಾಫ್ ರಿಪೋರ್ಟ್‌ನಲ್ಲಿ ಎರಡೂ ಪ್ರಶ್ನೆಗೆ ಉತ್ತರ ಬಂತು, ನಮ್ಮೂರ ಸ್ಕೂಲಲ್ಲಿ ಅಡುಗೆ ಮಾಡೋರು, ನರ್ಸಿಂಗ್ ಹೋಮ್‌ನಲ್ಲಿ ಅಜ್ಜ ಅಜ್ಜಿಯರಿಗೆ ಸ್ನಾನ ಮಾಡಿಸೋರು, ಇವರೆಲ್ಲ ನಮ್ಮೂರಲ್ಲಿ ಮನೆ ಸಿಗದೆ ಮುಕ್ಕಾಲು ಗಂಟೆ ದೂರದಿಂದ ಬರ್ತಿದಾರೆ ಅಂತ ಬರೆದಿದ್ರು. ಡೀಡ್‌ಗಳ ನಕ್ಷೇನೂ ಹಾಕಿಸಿದೆ, ಚರ್ಚ್ ಸುತ್ತಲಿನ ಮೂರು ಬೀದಿ ಪೂರ್ತಿ ಚುಕ್ಕಿ. ಸಾಧನಕೇರಿ ಅಕ್ಕ, ಒಬ್ರು ಎದ್ದು ಹೈವೇ ಪಕ್ಕದ ಜಾಗ ಇದ್ಯಲ್ಲ ಅಂತ ಕೇಳೇ ಕೇಳಿದ್ರು.

ನಾನು ಮಾತಾಡುವಾಗ ನನ್ನ ಮನೆ ಡೀಡಿನ ಆ ಸಾಲನ್ನ ಓದಿದೆ, ಧ್ವನಿ ನಡುಗ್ತು. ನಮ್ಮ ಕನ್ನಡದ ಮೂರು ಕುಟುಂಬದಲ್ಲಿ ಎರಡು ಬಂದಿದ್ವು, ಒಬ್ರು ಮುಗಿದ್ಮೇಲೆ ಬಂದು ನಮ್ಮ ಡೀಡ್‌ನಲ್ಲೂ ಇದ್ಯಾ ಅಂತ ನೋಡೋದು ಹೇಗೆ ಅಂತ ಕೇಳಿದ್ರು. ಪಾಟ್‌ಲಕ್‌ನಲ್ಲಿ ಮಾತಾಡಿದ ಆಕೆ ನನ್ನ ಜೊತೆ ಇನ್ನೂ ಮಾತಾಡಿಲ್ಲ, ನಾನೇ ಈ ಶನಿವಾರ ಅವರ ಮನೆಗೆ ಹೋಗೋಳಿದೀನಿ, ಆವತ್ತು ಹೇಳದೇ ಇದ್ದಿದ್ದನ್ನ ಹೇಳೋಕೆ.

ಕಮಿಷನ್‌ನಲ್ಲಿ 4-3ಕ್ಕೆ ಶಿಫಾರಸು ಆಯ್ತು. ಬಾಡಿಗೆ ಷರತ್ತಿಗೆ 40 ವರ್ಷ, ಮಾರಿದ್ರೂ ಜಾಗದ ಜೊತೆ ಹೋಗುತ್ತೆ ಅಂತ ಸೇರಿಸಿದೀವಿ, ಹಾಸನದ ಸರ್, ಅದು ನಿಮ್ಮ ಸಾಲು. ಅರ್ಜಿ ಚರ್ಚುಗಳಿಗೂ ಮಸೀದಿಗೂ ಹೋಗುತ್ತೆ, ಸೊಮಾಲಿ, ಸ್ಪ್ಯಾನಿಶ್‌ನಲ್ಲೂ ಇರುತ್ತೆ. ಕೌನ್ಸಿಲ್ ವೋಟು ಇನ್ನು ಮೂರು ವಾರಕ್ಕೆ, ಅಲ್ಲಿ ಬೀಳಲೂಬಹುದು. ನಮ್ಮ ಮನೆ ಷರತ್ತು ತೆಗೆಸೋಕೆ ಜಸ್ಟ್ ಡೀಡ್ಸ್ ಅನ್ನೋ ತಂಡದ ಲಾಯರ್ ದುಡ್ಡಿಲ್ಲದೆ ಫಾರ್ಮ್ ಮಾಡಿಕೊಟ್ರು, 2019ರ ರಾಜ್ಯ ಕಾನೂನಿಂದ ಅದಕ್ಕೆ ದಾರಿ ಆಗಿದೆ. ಹಳೇ ಸಾಲನ್ನ ಅಳಿಸಲ್ಲ, ಅದು ಇಲ್ಲಿತ್ತು, ಈ ಮನೆಯವರು ಇದನ್ನ ಒಪ್ಪಲ್ಲ ಅಂತ ಅದರ ಮೇಲೆ ಹೊಸ ಕಾಗದ ನೋಂದಣಿ ಮಾಡ್ತಾರೆ. ನಿನ್ನೆ ನೋಟರಿ ಮುಂದೆ ಸಹಿ ಹಾಕಿ ಬಂದ್ವಿ.